ದೋಣಿಯ ಹೊರಳು, ಬಾವುಟದ ಬಡಿತ: ಮೆಲಿಟಿನ್ ಪೆಪ್ಟೈಡ್‌ನ ಚಲನೆ ಅಳೆಯುವಲ್ಲಿ ನನ್ನ ಅನುಭವ

ಕಾರವಾರದ ಬೈತಖೋಲ ಬಂದರಿನಲ್ಲಿ ಲಂಗರು ಹಾಕಿ ನಿಂತ ದೋಣಿಗಳನ್ನು ಸ್ವಲ್ಪ ಹೊತ್ತು ನೋಡಿ. ಅಲೆ ಬಂದ ಹಾಗೆ ದೋಣಿಯ ಒಡಲು ನಿಧಾನಕ್ಕೆ ಆಚೆ ಈಚೆ ಹೊರಳುತ್ತದೆ. ಕಂಬದ ತುದಿಯ ಬಾವುಟ ಗಾಳಿಗೆ ಪಟಪಟ ಬಡಿದುಕೊಳ್ಳುತ್ತದೆ. ಒಡಲನ್ನು ಮರೆಮಾಡಿ ಬಾವುಟದ ತುದಿಯನ್ನಷ್ಟೇ ನೋಡಿದರೆ ಎರಡು ಚಲನೆಗಳೂ ಕಲಸಿಕೊಂಡೇ ಕಣ್ಣಿಗೆ ಬೀಳುತ್ತವೆ. ಪೆಪ್ಟೈಡ್ ಎಂದರೆ ಅಮೈನೋ ಆಮ್ಲಗಳ ಚಿಕ್ಕ ಸರಪಳಿ. ದ್ರಾವಣದಲ್ಲಿರುವ ಪೆಪ್ಟೈಡ್‌ನ ಪ್ರತಿ ಅಮೈನೋ ಆಮ್ಲದ ನಡುವಿನ ಕಾರ್ಬನ್‌ಗೂ (ಸಿ-ಆಲ್ಫಾ) ಒಂದು ಹೈಡ್ರೋಜನ್ ಅಂಟಿಕೊಂಡಿರುತ್ತದೆ, ಗ್ಲೈಸಿನ್‌ನಲ್ಲಿ ಮಾತ್ರ ಎರಡು. ಆ ಬಂಧವೇ ನಮ್ಮ ಬಾವುಟ, ಇಡೀ ಅಣುವೇ ದೋಣಿ. ಹೊರಳಿನ ಪಾಲೆಷ್ಟು, ಬಡಿತದ ಪಾಲೆಷ್ಟು ಎಂದು ಬಿಡಿಸುವುದೇ ಎನ್‌ಎಂಆರ್ ರಿಲ್ಯಾಕ್ಸೇಶನ್ ಅಳತೆಯ ಇಡೀ ಕೆಲಸ. ಬಲವಾದ ಕಾಂತದೊಳಗೆ ರೇಡಿಯೋ ಅಲೆಯಿಂದ ಕದಡಿದ ಪರಮಾಣು ಬೀಜಗಳು ಮತ್ತೆ ಸಹಜ ಸ್ಥಿತಿಗೆ ಮರಳುವ ವೇಗವನ್ನು ನೋಡುವುದೇ ಈ ಅಳತೆ.

ನಾನು ಹೆಚ್ಚು ಕೆಲಸ ಮಾಡಿದ್ದು ಮೆಲಿಟಿನ್ ಮೇಲೆ. ಶಿರಸಿ, ಸಿದ್ದಾಪುರದ ಅಡಿಕೆ ತೋಟಗಳಲ್ಲಿ ಜೇನುಪೆಟ್ಟಿಗೆ ಇಟ್ಟವರಿಗೆ ಇದರ ಉರಿ ಗೊತ್ತೇ ಇದೆ: ಜೇನುಹುಳದ ವಿಷದ ಒಣ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ಇದೇ. 26 ಅಮೈನೋ ಆಮ್ಲ, ಅಣುತೂಕ 2847, ಕೊನೆಯಲ್ಲಿ ಅಮೈಡ್, 14ನೇ ಜಾಗದಲ್ಲಿ ಒಂದು ಪ್ರೋಲಿನ್, 19ರಲ್ಲಿ ಒಂದೇ ಒಂದು ಟ್ರಿಪ್ಟೊಫಾನ್. ಮೆಥನಾಲ್‌ನಲ್ಲಿ ಇದು ಒಂಟಿ ಅಣುವಾಗಿಯೇ ಉಳಿದು ಸುರುಳಿ ಕಟ್ಟುತ್ತದೆ, ಪ್ರೋಲಿನ್ ಹತ್ತಿರ ಬಾಗುತ್ತದೆ. ಸ್ಫಟಿಕದಲ್ಲಿ ಆ ಬಾಗು ಸುಮಾರು 120 ಡಿಗ್ರಿ. ಆ ಬಾಗಿನ ಕೀಲು ಗಟ್ಟಿಯೋ ಸಡಿಲವೋ ಎಂಬುದನ್ನು ನಿಂತ ಚಿತ್ರ ಹೇಳುವುದಿಲ್ಲ, ರಿಲ್ಯಾಕ್ಸೇಶನ್ ಹೇಳುತ್ತದೆ.

ಪ್ರೋಟೀನ್‌ನವರು ನೈಟ್ರೋಜನ್-15 ಅಳೆಯುತ್ತಾರಲ್ಲ, ನೀವೇಕೆ ಕಾರ್ಬನ್ ಎಂದು ಕೇಳುವವರಿದ್ದಾರೆ. ಅದಕ್ಕೆ ಮೂರು ಕಾರಣ. ನೈಟ್ರೋಜನ್-15 ಪ್ರಕೃತಿಯಲ್ಲಿ 0.37 ಶೇಕಡಾ, ಕಾರ್ಬನ್-13 1.1 ಶೇಕಡಾ, ಐಸೋಟೋಪ್ ಸೇರಿಸಿದ ಪೆಪ್ಟೈಡ್ ಕೊಳ್ಳುವ ಹಣವಿಲ್ಲದವರಿಗೆ ಈ ಮೂರು ಪಟ್ಟು ದೊಡ್ಡದು. ಎರಡನೆಯದು, ಪ್ರೋಲಿನ್‌ಗೆ ಅಮೈಡ್ ಹೈಡ್ರೋಜನ್ ಇಲ್ಲ. ನೈಟ್ರೋಜನ್ ನೋಡುವವರಿಗೆ ಕೀಲಿನ ಜಾಗವೇ ಖಾಲಿ ಕಾಣುತ್ತದೆ. ಮೂರನೆಯದಂತೂ ಬಹಳ ಜನ ಮರೆಯುವ ಲಾಭ: ಪ್ರಕೃತಿಯಲ್ಲಿದ್ದ ಹಾಗೇ ಬಿಟ್ಟರೆ ಒಂದು ಕಾರ್ಬನ್-13ರ ಪಕ್ಕದಲ್ಲೇ ಇನ್ನೊಂದು ಕಾರ್ಬನ್-13 ಕೂರುವ ಸಂಭವ ನೂರರಲ್ಲಿ ಒಂದು. ಹಾಗಾಗಿ ಪೂರ್ತಿ ಲೇಬಲ್ ಮಾಡಿದ ಮಾದರಿಯಲ್ಲಿ ಟಿ2 (ಸಿಗ್ನಲ್ ಆರಿಹೋಗುವ ಕಾಲ) ಅಳತೆಯನ್ನು ಕೆಡಿಸುವ 35 ಹರ್ಟ್ಜ್ ಕಾರ್ಬನ್-ಕಾರ್ಬನ್ ಜೋಡಣೆ ಇಲ್ಲಿ ಕಾಟ ಕೊಡುವುದಿಲ್ಲ.

ಈಗ ಲೆಕ್ಕ. ಅಳೆಯುವುದು ಮೂರು: ಕದಡಿದ ಕಾರ್ಬನ್ ಮತ್ತೆ ಕಾಂತದ ದಿಕ್ಕಿಗೆ ಮರಳುವ ಕಾಲ ಟಿ1, ಅಡ್ಡ ದಿಕ್ಕಿನ ಸಿಗ್ನಲ್ ಆರಿಹೋಗುವ ಕಾಲ ಟಿ2, ಮತ್ತು ಹೈಡ್ರೋಜನ್‌ಗಳನ್ನು ರೇಡಿಯೋ ಅಲೆಯಿಂದ ಸಂತೃಪ್ತಗೊಳಿಸಿದಾಗ ಕಾರ್ಬನ್ ಸಿಗ್ನಲ್ ಎಷ್ಟು ಪಟ್ಟಾಗುತ್ತದೆ ಎಂಬ ಎನ್‌ಒಇ. ಹೊಸಬರು ಟಿ1 ಒಂದನ್ನೇ ಅಳೆದು, ಉದ್ದವಾದರೆ ಸಡಿಲ, ಚಿಕ್ಕದಾದರೆ ಬಿಗಿ ಎಂದು ಬರೆದುಬಿಡುತ್ತಾರೆ. ಪೆಪ್ಟೈಡ್‌ಗಳಲ್ಲಿ ಇದು ನೇರ ಮೋಸ. 500 ಮೆಗಾಹರ್ಟ್ಜ್ ಯಂತ್ರದಲ್ಲಿ, ಅಂದರೆ ಕಾರ್ಬನ್ 125.7 ಮೆಗಾಹರ್ಟ್ಜ್‌ನಲ್ಲಿ ಕೂಗುವ ಕಡೆ, ಬಂಧದ ಉದ್ದ 1.09 ಆಂಗ್‌ಸ್ಟ್ರಾಂ ಎಂದಿಟ್ಟು ನೀವೇ ಲೆಕ್ಕ ಹಾಕಿ ನೋಡಿ. ಹೊರಳುವ ಕಾಲ 0.7 ನ್ಯಾನೋಸೆಕೆಂಡ್ ಇರುವ ಗಟ್ಟಿ ಅಣುವಿಗೆ ಟಿ1 0.20 ಸೆಕೆಂಡ್. ಅದರ ಎರಡು ಪಟ್ಟು ನಿಧಾನ, 1.4 ನ್ಯಾನೋಸೆಕೆಂಡ್ ಇರುವ ಅಣುವಿಗೂ ಟಿ1 0.20 ಸೆಕೆಂಡ್! ಏಕೆಂದರೆ ಸುಮಾರು 1 ನ್ಯಾನೋಸೆಕೆಂಡ್ ಹತ್ತಿರ ಟಿ1 ತನ್ನ ತಳ ಮುಟ್ಟಿ ಮತ್ತೆ ಏರತೊಡಗುತ್ತದೆ. ಕಣಿವೆಯ ಈಚೆ ದಡದಲ್ಲಿ ನಿಂತಿದ್ದೀರೋ ಆಚೆ ದಡದಲ್ಲೋ ಎತ್ತರ ನೋಡಿ ಹೇಳಲಾಗದು. ಹೇಳುವುದು ಉಳಿದ ಎರಡು: 0.7ರಲ್ಲಿ ಟಿ2 0.16 ಸೆಕೆಂಡ್, ಎನ್‌ಒಇ 1.5, 1.4ರಲ್ಲಿ ಟಿ2 0.11, ಎನ್‌ಒಇ 1.26. ಗಾತ್ರ ಮತ್ತು ಸ್ನಿಗ್ಧತೆಯಿಂದ ಹೊರಳು ಕಾಲ ತೆಗೆಯುವ ಸ್ಟೋಕ್ಸ್ ಸೂತ್ರ ಹಾಕಿದರೆ ಮೆಥನಾಲ್‌ನಲ್ಲಿ ಮೆಲಿಟಿನ್ ಗಾತ್ರದ ಅಣು ಬಂದು ಕೂರುವುದೂ ಸರಿಯಾಗಿ ಈ 1 ನ್ಯಾನೋಸೆಕೆಂಡ್ ಆಸುಪಾಸಿನಲ್ಲೇ. ಆದ್ದರಿಂದ ಈ ಕೆಲಸದಲ್ಲಿ ಟಿ1 ಅತ್ಯಂತ ಮಂದ ಸಾಕ್ಷಿ.

ಇನ್ನೊಂದು ತುದಿಯ ಲೆಕ್ಕವನ್ನೂ ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ. ಬಂಧ 0.2 ನ್ಯಾನೋಸೆಕೆಂಡ್‌ನಲ್ಲಿ ಸಡಿಲವಾಗಿ ತಿರುಗುತ್ತಿದ್ದರೆ ಟಿ1 0.31ಕ್ಕೆ ಏರುತ್ತದೆ, ಎನ್‌ಒಇ 2.5 ಮುಟ್ಟುತ್ತದೆ. ಪೂರ್ತಿ ಸಡಿಲಾದರೆ ಎನ್‌ಒಇ ಮಿತಿ 2.99. ಸರಪಳಿಯ ತುದಿಗಳಲ್ಲಿ ನಿರೀಕ್ಷಿಸಬೇಕಾದ್ದು ಈ ದಿಕ್ಕು.

ಮಾದರಿ ತಯಾರಿಗೆ ಬರೋಣ. ಕರಾವಳಿಯಲ್ಲಿ ಅರ್ಧ ತೊಂದರೆ ಇಲ್ಲೇ.

ವಿಷದಿಂದ ತೆಗೆದ ಮೆಲಿಟಿನ್‌ನಲ್ಲಿ ಫಾಸ್ಫೊಲಿಪೇಸ್ ಅಂಶ ಉಳಿದಿರುವುದುಂಟು. ನಾನು ಕೃತಕವಾಗಿ ತಯಾರಿಸಿದ್ದನ್ನೇ ಬಳಸುತ್ತೇನೆ. ಅದು ಬರುವುದು ಟ್ರೈಫ್ಲೋರೋಅಸಿಟಿಕ್ ಆಮ್ಲದ ಲವಣವಾಗಿ. ಮೆಲಿಟಿನ್‌ಗೆ ಆರು ಧನ ಆವೇಶ: ಮೊದಲ ತುದಿ, ಮೂರು ಲೈಸಿನ್, ಎರಡು ಆರ್ಜಿನಿನ್. ಆರಕ್ಕೆ ಆರು ಆಮ್ಲದ ಅಣು, ಒಂದೊಂದು 114. ಅಂದರೆ ತಕ್ಕಡಿಯಲ್ಲಿ 10 ಮಿಲಿಗ್ರಾಂ ತೋರಿಸಿದರೆ ಪೆಪ್ಟೈಡ್ ಇರುವುದು 8, ಅದರಲ್ಲೂ ನೀರಿನ ಪಾಲು ಬೇರೆ. 5 ಎಂಎಂ (ಮಿಲಿಮೋಲಾರ್) ಸಾಂದ್ರತೆಯ 600 ಮೈಕ್ರೋಲೀಟರ್‌ಗೆ 8.5 ಮಿಲಿಗ್ರಾಂ ಪೆಪ್ಟೈಡ್ ಬೇಕು, ಹಾಗಾಗಿ 11ರ ಮೇಲೆಯೇ ತೂಗಬೇಕು. ಕಡಿಮೆ ದ್ರಾವಣಕ್ಕೆಂದೇ ಮಾಡಿದ ಶಿಗೆಮಿ ಟ್ಯೂಬ್ ಇದ್ದರೆ 300 ಮೈಕ್ರೋಲೀಟರ್ ಸಾಕು, ಪೆಪ್ಟೈಡ್ ಅರ್ಧ ಉಳಿಯುತ್ತದೆ. ಆದರೆ ಮೆಥನಾಲ್‌ಗೆ ಹೊಂದುವ ಗಾಜಿನದ್ದೇ ಆಗಬೇಕು. ನೀರಿಗೆ ಮಾಡಿದ ಟ್ಯೂಬ್‌ನಲ್ಲಿ ಹಾಕಿದರೆ ಶಿಮ್ (ಕಾಂತಕ್ಷೇತ್ರವನ್ನು ಸಮ ಮಾಡುವುದು) ಕೂರುವುದಿಲ್ಲ. ಆಮ್ಲವನ್ನು ತೆಗೆಯಲೇಬೇಕೆಂದಿಲ್ಲ. ಅದರ ಕಾರ್ಬನ್‌ಗಳಿಗೆ ಹೈಡ್ರೋಜನ್ ಇಲ್ಲ, ಕಾರ್ಬನ್-ಹೈಡ್ರೋಜನ್ ಜೋಡಿಗಳನ್ನಷ್ಟೇ ತೋರಿಸುವ ನಮ್ಮ ಎಚ್‌ಎಸ್‌ಕ್ಯೂಸಿ ಚಿತ್ರದಲ್ಲಿ ಬರುವುದೂ ಇಲ್ಲ.

ಮಳೆಗಾಲದಲ್ಲಿ ಕಾರವಾರದ ಗಾಳಿ ಒದ್ದೆ ಬಟ್ಟೆ ಇದ್ದ ಹಾಗೆ. ಫ್ರೀಜರ್‌ನಿಂದ ತೆಗೆದ ಸೀಸೆಯನ್ನು ಆಗಲೇ ಬಿಚ್ಚಿದರೆ ತಣ್ಣಗಿನ ಪುಡಿಯ ಮೇಲೆ ಕಣ್ಣೆದುರೇ ನೀರು ಕೂರುತ್ತದೆ. ಹತ್ತಿಯಂತೆ ಹಗುರವಾಗಿದ್ದ ಪುಡಿ ಗಾಜಿಗೆ ಅಂಟಿ, ಕುಗ್ಗಿ, ಅರೆಪಾರದರ್ಶಕ ಗೋಂದಾಗುತ್ತದೆ. ಒಮ್ಮೆ ಹಾಗಾದರೆ ಆ ತೂಕಕ್ಕೆ ಅರ್ಥವಿಲ್ಲ. ಸೀಸೆಯನ್ನು ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿಟ್ಟು, ಮುಚ್ಚಳ ತೆಗೆಯದೆ, ಕನಿಷ್ಠ 40 ನಿಮಿಷ ಕೋಣೆಯ ಉಷ್ಣತೆಗೆ ಬಿಡಿ. ಆಮೇಲೆ ಬಿಚ್ಚಿ, ಬೇಗ ತೂಗಿ, ಬೇಗ ಮುಚ್ಚಿ. ಕೈಗವಸು, ಮಾಸ್ಕ್ ಎರಡೂ ಬೇಕು. ಇದು ಕೆಂಪು ರಕ್ತಕಣವನ್ನು ಒಡೆಯುವ ವಸ್ತು, ಒಣಪುಡಿ ಹಾರುತ್ತದೆ. ಜೇನು ಕಚ್ಚಿದರೆ ಮೈ ಊದುವವರು ಈ ಸೀಸೆ ಮುಟ್ಟದಿರುವುದೇ ಕ್ಷೇಮ.

ನಾನು ಯಂತ್ರದ ಸಮಯ ಪಡೆಯುವುದು ಬೆಂಗಳೂರಿನಲ್ಲಿ. ಇಲ್ಲಿಂದ ಒಣಪುಡಿಯನ್ನೇ ಒಯ್ಯುತ್ತೇನೆ, ದ್ರಾವಣವನ್ನಲ್ಲ. ರಾತ್ರಿ ರೈಲಿನ ಕುಲುಕಾಟದಲ್ಲಿ ಮುಚ್ಚಳದ ಸಂದಿಯಿಂದ ಮೆಥನಾಲ್ ಆರಿ ಹೋಗುತ್ತದೆ, ಬೆಳಿಗ್ಗೆ ಸಾಂದ್ರತೆ ಎಷ್ಟಿದೆ ಎಂದು ದೇವರಿಗೇ ಗೊತ್ತು. ಅಲ್ಲಿ ಡ್ಯೂಟೀರಿಯಂ ಮೆಥನಾಲ್‌ನ ಗಾಜಿನ ಆಂಪೂಲ್ ಒಡೆದು ಒಂದೇ ಸಲಕ್ಕೆ ಬಳಸಿ ಮುಗಿಸಬೇಕು. ಬಿಚ್ಚಿಟ್ಟ ಬಾಟಲಿ ನೀರು ಹೀರಿದರೆ 4.87 ಪಿಪಿಎಂ (ಚಿತ್ರದಲ್ಲಿ ಶಿಖರದ ಜಾಗ ಹೇಳುವ ಮಾನ) ಹತ್ತಿರದ ಓಎಚ್ ಶಿಖರ ದಪ್ಪವಾಗಿ, ಅದರ ಬುಡ ಆಲ್ಫಾ ಹೈಡ್ರೋಜನ್‌ಗಳ ಕಡೆ ಚಾಚುತ್ತದೆ.

ಸಾಂದ್ರತೆಗೆ ತಕ್ಕಡಿಯನ್ನು ನಂಬದೆ ಟ್ರಿಪ್ಟೊಫಾನ್ ನಂಬಿ. 10 ಮೈಕ್ರೋಲೀಟರ್ ದ್ರಾವಣವನ್ನು 990 ನೀರಿಗೆ ಹಾಕಿ 280 ನ್ಯಾನೋಮೀಟರ್‌ನಲ್ಲಿ ನೋಡಿ. ಒಂದು ಟ್ರಿಪ್ಟೊಫಾನ್‌ಗೆ ಬೆಳಕು ಹೀರುವ ಗುಣಾಂಕ 5500 ಹಿಡಿದರೆ 5 ಎಂಎಂ ಮಾದರಿ 0.275 ತೋರಿಸಬೇಕು. ಮೆಥನಾಲ್ ಪಿಪೆಟ್ ತುದಿಯಿಂದ ತಾನಾಗಿ ತೊಟ್ಟಿಕ್ಕುತ್ತದೆ. ತುದಿಯನ್ನು ಮೂರು ಸಲ ತುಂಬಿ ಖಾಲಿ ಮಾಡಿ, ಒಳಗೆ ಆವಿ ತುಂಬಿದ ಮೇಲೆ ಅಳತೆ ತೆಗೆಯಿರಿ.

ಟ್ಯೂಬ್ ತೊಳೆಯುವ ವಿಚಾರದಲ್ಲಿ ಎರಡು ಮಾತು. ಹಳೆಯ ಕಾಲೇಜು ಅಭ್ಯಾಸದಂತೆ ಕ್ರೋಮಿಕ್ ಆಮ್ಲದಲ್ಲಿ ಅದ್ದಬೇಡಿ: ಗಾಜಿಗಂಟಿದ ಕ್ರೋಮಿಯಂ ಪ್ಯಾರಾಮ್ಯಾಗ್ನೆಟಿಕ್, ಟಿ2 ಕುಗ್ಗಿಸುತ್ತದೆ. ಜಂಬಿಟ್ಟಿಗೆ ನೆಲದ ಬಾವಿ ನೀರಿನಲ್ಲೂ ಕಬ್ಬಿಣ ಇರುತ್ತದೆ, ಕೊನೆಯ ತೊಳೆತ ಭಟ್ಟಿ ನೀರಿನಲ್ಲೇ ಆಗಲಿ. ಕರಗಿದ ಆಮ್ಲಜನಕವೂ ಪ್ಯಾರಾಮ್ಯಾಗ್ನೆಟಿಕ್, ಮತ್ತು ನೀರಿಗಿಂತ ಮೆಥನಾಲ್‌ನಲ್ಲಿ ಅದು ಎಷ್ಟೋ ಪಟ್ಟು ಹೆಚ್ಚು ಕರಗುತ್ತದೆ. ಆದರೂ ಸೆಕೆಂಡಿಗೆ 5ರ ವೇಗದಲ್ಲಿ ಇಳಿಯುವ ಸಿ-ಆಲ್ಫಾ ಮೇಲೆ ಅದರ ಪರಿಣಾಮ ಅಲ್ಪ. ದ್ರಾವಣದ ಮೇಲ್ಮೈ ಮೇಲೆ ಹತ್ತು ನಿಮಿಷ ಆರ್ಗಾನ್ ಹಾಯಿಸಿ ಮುಚ್ಚಿದರೆ ಸಾಕು. ಒಳಗೆ ಗುಳ್ಳೆ ಬಿಟ್ಟರೆ ಮೆಥನಾಲೇ ಹಾರಿಹೋಗುತ್ತದೆ.

ನೀರಿನಲ್ಲಿ ಅಳೆಯುವ ಆಸೆ ಇದ್ದವರಿಗೆ ಒಂದು ಎಚ್ಚರಿಕೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಂತಾಗ ದೋಣಿಗಳನ್ನು ಒಂದಕ್ಕೊಂದು ಬಿಗಿದು ಕಟ್ಟುತ್ತಾರಲ್ಲ, ಆಗ ಅಲೆ ಬಂದರೆ ಒಂಟಿ ದೋಣಿ ಹೊರಳುವುದಿಲ್ಲ, ಇಡೀ ಸಾಲೇ ನಿಧಾನವಾಗಿ ಏಳುತ್ತದೆ. ಮೆಲಿಟಿನ್ ನೀರಿನಲ್ಲಿ ಹಾಗೆ ನಾಲ್ಕು ನಾಲ್ಕಾಗಿ ಕಟ್ಟಿಕೊಳ್ಳುತ್ತದೆ. ಉಪ್ಪು ಹೆಚ್ಚಿದರೆ, ಫಾಸ್ಫೇಟ್ ಹಾಕಿದರೆ, ಪಿಎಚ್ ಏರಿದರೆ, ಸಾಂದ್ರತೆ ಹೆಚ್ಚಿದರೆ ಇದು ಇನ್ನಷ್ಟು. ಟಿ2 ದಿಢೀರ್ ಕುಗ್ಗುತ್ತದೆ, ನೋಡಿದವರು ಸುರುಳಿ ಗಟ್ಟಿಯಾಯಿತು ಎಂದು ಹಿಗ್ಗುತ್ತಾರೆ. ನಿಜದಲ್ಲಿ ದೋಣಿ ದೊಡ್ಡದಾಗಿದೆ ಅಷ್ಟೇ. 5 ಎಂಎಂ ಮತ್ತು 1 ಎಂಎಂ ಎರಡರಲ್ಲೂ ಟಿ2 ನೋಡಿ, ಸ್ನಿಗ್ಧತೆಯ ವ್ಯತ್ಯಾಸ ಕಳೆದ ಮೇಲೂ ಬೇರೆ ಬಂದರೆ ಅಣುಗಳು ಕೈಹಿಡಿದಿವೆ ಎಂದೇ ಅರ್ಥ. ಒಂಟಿ ಅಣು ಎಂದು ನಂಬುವ ಮೆಥನಾಲ್‌ನಲ್ಲೂ ಈ ಪರೀಕ್ಷೆಯನ್ನು ನಾನು ಬಿಡುವುದಿಲ್ಲ.

ಯಂತ್ರದ ಮುಂದೆ ಕೂತ ಮೇಲೆ ಮೊದಲು ಉಷ್ಣತೆ. ಪರದೆಯ ಮೇಲಿನ ಅಂಕಿ ಬಿಸಿಗಾಳಿಯದ್ದು, ಮಾದರಿಯದ್ದಲ್ಲ. ಮೆಥನಾಲ್ ಮಾನದಂಡದ ಟ್ಯೂಬ್ ಹಾಕಿ ಎರಡು ಶಿಖರಗಳ ಅಂತರ ಅಳೆಯಿರಿ. 25 ಡಿಗ್ರಿಗೆ ಅದು 1.55 ಪಿಪಿಎಂ ಆಸುಪಾಸು. ಒಂದು ಡಿಗ್ರಿ ತಪ್ಪಿದರೆ ಮೆಥನಾಲ್‌ನ ಸ್ನಿಗ್ಧತೆ ಸುಮಾರು ಒಂದೂವರೆ ಶೇಕಡಾ, ನೀರಿನದ್ದು ಎರಡು ಶೇಕಡಾಕ್ಕಿಂತ ಹೆಚ್ಚು ಬದಲಾಗುತ್ತದೆ. ಬೇರೆ ಬೇರೆ ದಿನ, ಬೇರೆ ಬೇರೆ ಯಂತ್ರದ ಅಂಕಿಗಳನ್ನು ಸೇರಿಸುವಾಗ ಈ ತಪ್ಪು ಸೀದಾ ಹೊರಳು ಕಾಲದೊಳಗೆ ನುಸುಳುತ್ತದೆ. ಮಾದರಿ ಒಳಗೆ ಹೋದ ಮೇಲೆ 30 ನಿಮಿಷ ಏನೂ ಮಾಡದೆ ಕಾಯಿರಿ.

ಕಾರ್ಬನ್‌ನ ಕೇಂದ್ರವನ್ನು 57 ಪಿಪಿಎಂನಲ್ಲಿ ಇಡುತ್ತೇನೆ. ಗ್ಲೈಸಿನ್‌ಗಳು 45ರ ಹತ್ತಿರ, ಅಂದರೆ 1.5 ಕಿಲೋಹರ್ಟ್ಜ್ ದೂರ. 90 ಡಿಗ್ರಿ ಪಲ್ಸ್ (ರೇಡಿಯೋ ಅಲೆಯ ಚಿಕ್ಕ ಹೊಡೆತ) 15 ಮೈಕ್ರೋಸೆಕೆಂಡ್ ಇದ್ದರೆ ತೊಂದರೆಯಿಲ್ಲ. ಟಿ1ಕ್ಕೆ 10, 60, 120, 180, 250, 350, 500, 800 ಮಿಲಿಸೆಕೆಂಡ್, ಅದರಲ್ಲಿ 120 ಮತ್ತು 350 ಎರಡೆರಡು ಸಲ. ಟಿ2ಕ್ಕೆ 0, 16, 32, 64, 96, 144, 208, 288, ಇಲ್ಲೂ ಎರಡು ಬಿಂದು ಎರಡೆರಡು ಸಲ. 180 ಡಿಗ್ರಿ ಪಲ್ಸ್‌ಗಳ ನಡುವೆ 1 ಮಿಲಿಸೆಕೆಂಡ್. ಕಾರ್ಬನ್-ಹೈಡ್ರೋಜನ್ ಜೋಡಣೆ 140 ಹರ್ಟ್ಜ್, ಅದರ ಒಂದು ಸುತ್ತು 7 ಮಿಲಿಸೆಕೆಂಡ್. ಪಲ್ಸ್‌ಗಳ ಅಂತರ ಇದಕ್ಕಿಂತ ತೀರಾ ಕಡಿಮೆ ಇರದಿದ್ದರೆ ಸಿಗ್ನಲ್ ಬೇರೆಡೆ ಸೋರುತ್ತದೆ. ನಡುನಡುವೆ ಹೈಡ್ರೋಜನ್‌ಗೂ 180 ಡಿಗ್ರಿ ಹೊಡೆಯದಿದ್ದರೆ ಅಡ್ಡ-ಸಂಬಂಧದ (ಬೇರೆ ಬೇರೆ ಕಾರಣದ ಇಳಿತಗಳು ಒಂದಕ್ಕೊಂದು ತಳಕು ಹಾಕಿಕೊಳ್ಳುವ) ಪರಿಣಾಮ ಉಳಿದು ಇಳಿತ ಒಂದೇ ಘಾತಾಂಕದ್ದಾಗಿರುವುದಿಲ್ಲ. ಕಾಲಗಳನ್ನು ಏರುಕ್ರಮದಲ್ಲಿ ಓಡಿಸಬೇಡಿ, ಕಲಸಿ ಓಡಿಸಿ. ರಾತ್ರಿಯಿಡೀ ಉಷ್ಣತೆ ಮೆಲ್ಲನೆ ಸರಿದರೆ ಏರುಕ್ರಮದಲ್ಲಿ ಅದು ಸುಳ್ಳು ಇಳಿತವಾಗಿ ಕಾಣುತ್ತದೆ, ಕಲಸಿದಾಗ ಬರೀ ಗದ್ದಲವಾಗಿ ಉಳಿಯುತ್ತದೆ. ಒಟ್ಟು ಓಟವನ್ನು ಎರಡು ಕಂತು ಮಾಡಿ ಉಳಿಸಿಕೊಳ್ಳಿ. ನಡುರಾತ್ರಿ ಕರೆಂಟು ಹೋದರೆ ಒಂದು ಕಂತಾದರೂ ಕೈಯಲ್ಲಿರುತ್ತದೆ.

ಸಮಯದ ಹಂಚಿಕೆಯಲ್ಲೇ ಹೆಚ್ಚಿನವರು ಸೋಲುವುದು. ಗದ್ದಲ ತಗ್ಗಿಸಲು ತಣ್ಣಗಿಟ್ಟ ಗ್ರಾಹಕ, ಅಂದರೆ ಕ್ರಯೋಪ್ರೋಬ್ ಇದ್ದು 128 ಸಾಲು, 16 ಸ್ಕ್ಯಾನ್, 2 ಸೆಕೆಂಡ್ ಕಾಯುವಿಕೆ ಇಟ್ಟರೆ ಒಂದು ಬಿಂದುವಿಗೆ 1.2 ಗಂಟೆ. ಹತ್ತು ಬಿಂದುಗಳ ಟಿ1ಕ್ಕೆ 12 ಗಂಟೆ, ಟಿ2ಕ್ಕೂ ಅಷ್ಟೇ. ಎನ್‌ಒಇಗೆ ಬೇಕಿರುವುದು ಎರಡೇ ಚಿತ್ರ, ಹಾಗಾಗಿ ಎಲ್ಲರೂ ಅದನ್ನು ಕೊನೆಯ ಎರಡು ಗಂಟೆಗೆ ತಳ್ಳುತ್ತಾರೆ. ಆದರೆ ಟಿ1, ಟಿ2 ಶುರುವಾಗುವುದು ಹೈಡ್ರೋಜನ್‌ನಿಂದ ಸಾಲ ತಂದ ಬಲದಿಂದ, ಎನ್‌ಒಇ ಶುರುವಾಗುವುದು ಕಾರ್ಬನ್‌ನ ಸ್ವಂತ ಬಲದಿಂದ. ಅದು ನಾಲ್ಕರಲ್ಲಿ ಒಂದು ಪಾಲು ಮಾತ್ರ. 3 ಸೆಕೆಂಡ್ ಸಂತೃಪ್ತಿ, ಒಟ್ಟು 5 ಸೆಕೆಂಡ್ ಕಾಯುವಿಕೆ, 64 ಸ್ಕ್ಯಾನ್ ಎಂದರೆ ಒಂದೊಂದು ಚಿತ್ರಕ್ಕೆ 11 ಗಂಟೆ. ಸಂತೃಪ್ತಿ ಇಲ್ಲದ ಚಿತ್ರವೇ ಎಲ್ಲಕ್ಕಿಂತ ಬಡವ, ಮತ್ತು ಅದೇ ಛೇದದಲ್ಲಿ ಕೂರುತ್ತದೆ. ಎರಡರಲ್ಲೂ 3 ಶೇಕಡಾ ಗದ್ದಲ ಇದ್ದರೆ ಅನುಪಾತದಲ್ಲಿ 4 ದಾಟುತ್ತದೆ. ಒಟ್ಟು 47 ಗಂಟೆ ಆಯಿತು, ಶಿಮ್ ಮತ್ತು ಉಷ್ಣತೆಯ ಕೆಲಸ ಬೇರೆ. ನಾನು ಮೂರು ದಿನ ಕೇಳುತ್ತೇನೆ. ಎರಡೇ ಸಿಕ್ಕರೆ ಟಿ1ರ ಬಿಂದುಗಳನ್ನು ಆರಕ್ಕಿಳಿಸುತ್ತೇನೆ, ಎನ್‌ಒಇಯನ್ನು ಮುಟ್ಟುವುದಿಲ್ಲ. 0.7 ಮತ್ತು 1.4ರ ನಡುವೆ ತೀರ್ಪು ಕೊಡುವುದು ಅದೇ ಅಲ್ಲವೇ?

ಇಂಥ ಅಳತೆಗೆ ನಮ್ಮಲ್ಲೇ ಹಳೆಯ ಬೇರಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಸೂರ್ಯನ್ 1951ರಲ್ಲೇ ಹರಿಯುವ ದ್ರವದಲ್ಲಿ ಎನ್‌ಎಂಆರ್ ನೋಡಿದ್ದರು. ಅದೇ ಸಂಸ್ಥೆಯ ಅನಿಲ್ ಕುಮಾರ್, ಅರ್ನ್ಸ್ಟ್ ಮತ್ತು ವ್ಯೂಟ್ರಿಶ್ ಜೊತೆ 1980ರಲ್ಲಿ ಪ್ರೋಟೀನ್‌ನ ಎರಡು ಆಯಾಮದ ಎನ್‌ಒಇ ಚಿತ್ರ ತೆಗೆದವರು.

ಅಂಕಿಗಳು ಮನೆಗೆ ಬಂದ ಮೇಲೆ ಸಾಧಾರಣ ಲ್ಯಾಪ್‌ಟಾಪ್ ಸಾಕು. ಪ್ರತಿ ಶಿಖರದ ಎತ್ತರಕ್ಕೆ ಇಳಿತದ ಗೆರೆ ಕೂರಿಸಿ, ಎರಡು ಸಲ ತೆಗೆದ ಬಿಂದುಗಳ ವ್ಯತ್ಯಾಸದಿಂದ ತಪ್ಪಿನ ಅಂದಾಜು ಪಡೆದು, ಅಂಕಿಗಳನ್ನು ಆ ತಪ್ಪಿನಷ್ಟು ಅಲುಗಿಸಿ ಮತ್ತೆ ಲೆಕ್ಕ ಹಾಕುವ ಮಾಂಟೆ ಕಾರ್ಲೋವನ್ನು 500 ಸಲ ಓಡಿಸುತ್ತೇನೆ. ಗ್ಲೈಸಿನ್ 1, 3, 12ರಲ್ಲಿ ಎರಡು ಹೈಡ್ರೋಜನ್ ಇರುವುದರಿಂದ ವೇಗ ಇಮ್ಮಡಿ. ಅರ್ಧ ಮಾಡದೆ ಪಟ್ಟಿಯಲ್ಲಿ ಹಾಕಿದರೆ ಕೀಲಿನ ಪಕ್ಕದ 12 ಅತಿ ಬಿಗಿಯಾದಂತೆ ಕಾಣುತ್ತದೆ. ಅರ್ಧ ಮಾಡಿದ ಮೇಲೂ ಅಲ್ಲಿ ಅಡ್ಡ-ಸಂಬಂಧದ ಕಲಬೆರಕೆ ಉಳಿಯುವುದರಿಂದ 12ರ ಮೇಲೆ ದೊಡ್ಡ ಮಾತು ಕಟ್ಟುವುದಿಲ್ಲ, 11, 13, 14ನ್ನು ಕೇಳುತ್ತೇನೆ.

ದೋಣಿ ಮತ್ತು ಬಾವುಟ ಬಿಡಿಸಲು ಲಿಪಾರಿ ಮತ್ತು ಸಾಬೊ 1982ರಲ್ಲಿ ಕೊಟ್ಟ ದಾರಿಯೇ ಇಂದಿಗೂ ರೂಢಿ. ಅದು ಕೊಡುವ ಎಸ್-ವರ್ಗ ಎಂಬ ಅಂಕಿ 1 ಆದರೆ ಬಾವುಟ ಬಿಗಿ, 0 ಆದರೆ ಎಲ್ಲ ದಿಕ್ಕಿಗೂ ಮುಕ್ತ. ಶಂಕುವಿನೊಳಗಿನ ಓಲಾಟ ಎಂದುಕೊಂಡರೆ 0.8 ಅಂದರೆ 22 ಡಿಗ್ರಿ, 0.5 ಅಂದರೆ 38 ಡಿಗ್ರಿ. ಹೊರಳು ಕಾಲವನ್ನು ಸುರುಳಿಯ ನಡುಭಾಗದ ಟಿ1, ಟಿ2 ಅನುಪಾತದಿಂದ ತೆಗೆಯಬೇಕು. ತುದಿಗಳನ್ನು ಸೇರಿಸಿದರೆ ಅದು ಸುಳ್ಳೇ ಕಡಿಮೆ ಬಂದು, ನಡುವಿನ ಎಸ್-ವರ್ಗ ಕೆಲವೊಮ್ಮೆ 1 ದಾಟುತ್ತದೆ. ದಾಟಿತು ಎಂದರೆ ಹೊರಳು ಕಾಲ, ಉಷ್ಣತೆ, ಅಣುಗಳ ಕೂಟ, ಈ ಮೂರರಲ್ಲಿ ಒಂದು ತಪ್ಪಿದೆ. ಆ ಅನುಪಾತ 0.7 ನ್ಯಾನೋಸೆಕೆಂಡ್‌ನಲ್ಲಿ 1.3, 1.4ರಲ್ಲಿ 1.8. ದೊಡ್ಡ ಪ್ರೋಟೀನ್‌ನಷ್ಟು ಚೂಪಾದ ಅಳತೆಗೋಲು ಇದಲ್ಲ. ಹಾಗಾಗಿ ಇನ್ನೊಂದು ಕಾಂತಶಕ್ತಿಯ ಯಂತ್ರದಲ್ಲೂ ಅಳೆಯಲೇಬೇಕು. ಪಸರಿಕೆಯ ವೇಗದಿಂದ ಗಾತ್ರ ತೆಗೆದು ತಾಳೆ ನೋಡುವುದೂ ಒಳ್ಳೆಯದೇ, ಆದರೆ ಮೆಥನಾಲ್ ತೆಳು ದ್ರವ. ಕೆಳಗಿನ ಬಿಸಿಗೆ ಟ್ಯೂಬ್‌ನೊಳಗೇ ಸುತ್ತತೊಡಗಿ, ಅಣು ಇರುವುದಕ್ಕಿಂತ ಚಿಕ್ಕದೆಂದು ತೋರಿಸುತ್ತದೆ. 3 ಮಿಲಿಮೀಟರ್ ಟ್ಯೂಬ್‌ನಲ್ಲಿ, ಸುತ್ತಾಟ ಕಳೆಯುವ ಪಲ್ಸ್ ಕ್ರಮದಲ್ಲೇ ಅದನ್ನು ಮಾಡಬೇಕು.

ಎಸ್-ವರ್ಗದ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾಗಿಯೇ ಇದೆ. ಬಾವುಟದ ಬಡಿತ ದೋಣಿಯ ಹೊರಳಿಗಿಂತ ಎಷ್ಟೋ ವೇಗವಾಗಿದ್ದಾಗ ಮಾತ್ರ ಈ ಲೆಕ್ಕ ನಿಲ್ಲುತ್ತದೆ. 1 ನ್ಯಾನೋಸೆಕೆಂಡ್‌ನಲ್ಲಿ ಹೊರಳುವ ಪೆಪ್ಟೈಡ್‌ನ ತುದಿ 0.3ರಲ್ಲಿ ಬಡಿಯುತ್ತಿದ್ದರೆ ಎರಡನ್ನೂ ಬೇರೆ ಎನ್ನಲು ಆಧಾರವೇ ಇಲ್ಲ. ಕಂಪ್ಯೂಟರ್ ಆಗಲೂ 0.43 ಎಂದು ಎರಡು ದಶಾಂಶ ಮುದ್ರಿಸುತ್ತದೆ. ತುದಿಯ ನಾಲ್ಕೈದು ಅಮೈನೋ ಆಮ್ಲಗಳಿಗೆ ನಾನು ಎಸ್-ವರ್ಗ ಬರೆಯುವುದಿಲ್ಲ. ಟಿ1, ಟಿ2, ಎನ್‌ಒಇ ಮೂರನ್ನೂ ಅಳೆದ ಹಾಗೇ ಕೊಡುತ್ತೇನೆ. ಓದುವವರು 2.5ರ ಎನ್‌ಒಇ ನೋಡಿಯೇ ಅಲ್ಲಿ ಸಡಿಲ ಎಂದು ತಿಳಿಯುತ್ತಾರೆ.

ಟಿ2 ಮಾತ್ರ ಕುಗ್ಗಿ, ಟಿ1 ಮತ್ತು ಎನ್‌ಒಇ ನೆರೆಯವರಂತೆಯೇ ಇದ್ದರೆ ಅದು ಬೇರೆಯದೇ ಸುದ್ದಿ: ಆ ಜಾಗ ಮೈಕ್ರೋಸೆಕೆಂಡಿನಿಂದ ಮಿಲಿಸೆಕೆಂಡಿನ ನಿಧಾನಗತಿಯಲ್ಲಿ ಎರಡು ಆಕಾರಗಳ ನಡುವೆ ಅದಲುಬದಲಾಗುತ್ತಿರಬಹುದು. ಪಲ್ಸ್ ಅಂತರವನ್ನು 1ರಿಂದ 0.5 ಮಿಲಿಸೆಕೆಂಡಿಗೆ ಇಳಿಸಿ ಮತ್ತೆ ಅಳೆಯಿರಿ. ಟಿ2 ಉದ್ದವಾದರೆ ಅದಲುಬದಲು ಖಚಿತ. ಆಗದಿದ್ದರೆ ಮೊದಲು ಸಂಶಯಿಸಬೇಕಾದ್ದು ಎರಡು ಶಿಖರಗಳ ಒತ್ತೊತ್ತನ್ನು. ಮೆಲಿಟಿನ್‌ನಲ್ಲಿ ಲ್ಯೂಸಿನ್ ನಾಲ್ಕು, ಐಸೊಲ್ಯೂಸಿನ್ ಮೂರು ಇವೆ, ಒಂದರ ಮೇಲೊಂದು ಬೀಳುವುದು ಸಹಜ.

ಕೊನೆಯ ಬಿಂದು ಮುಗಿದ ಮೇಲೆ ಟ್ಯೂಬ್ ಹೊರಗೆ ತೆಗೆಯುವ ಮುಂಚೆ ಮೊದಲ ದಿನ ತೆಗೆದ ಸಾದಾ ಹೈಡ್ರೋಜನ್ ಚಿತ್ರವನ್ನು ಅದೇ ಸೆಟ್ಟಿಂಗ್‌ನಲ್ಲಿ ಇನ್ನೊಮ್ಮೆ ತೆಗೆದು ಒಂದರ ಮೇಲೊಂದು ಇಡುತ್ತೇನೆ. ಟ್ರಿಪ್ಟೊಫಾನ್‌ನ ಉಂಗುರದ ಶಿಖರಗಳು ಸರಿದಿರಬಾರದು, ಓಎಚ್ ಶಿಖರ ದಪ್ಪವಾಗಿರಬಾರದು, ದ್ರಾವಣದ ಎತ್ತರ ಮೊದಲು ಹಾಕಿದ ಶಾಯಿ ಗೆರೆಗಿಂತ ಇಳಿದಿರಬಾರದು. ಮೂರೂ ಸರಿ ಇದ್ದರೆ ಮಾದರಿಯನ್ನು ಒಣಗಿಸಿ, ಸಿಲಿಕಾ ಡಬ್ಬಿಗೆ ಹಾಕಿ, ಇನ್ನೊಂದು ಶಕ್ತಿಯ ಯಂತ್ರದ ಸರದಿಗೆ ಅದನ್ನೇ ಒಯ್ಯುತ್ತೇನೆ.